ಹೋಳಿಲ್ಲದ ಸಾರು

ಸಿಟ್ಟು ಬರದೆ ಮತ್ತೆಂತ ಬರ್ತದೆ ಹೇಳಿ? ಮೂರು ತಿಂಗಳಾಯ್ತು, ನಮ್ಮತ್ತೆ ಮಾದೇವಿಯ ಕಾಲಿನ ಹೆಬ್ಬೆರಳು ಊದಿ ಕೆಂಪಗೆ ಕೂತಿತ್ತು. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿ, ಗುಳಿಗೆ ತಪ್ಪಿಸಬೇಡಿ, ಬಂಗಡೆ, ತಾರ್ಲೆ, ಸಿಗಡಿ ಬಿಟ್ಟುಬಿಡಿ ಅಂದಿದ್ದರು ಕಾರವಾರದ ಡಾಕ್ಟರು. ಮೀನು ಮಾರಿಯೇ ಬದುಕಿದ ಹೆಂಗಸು. ಆದ್ರೂ ಬಿಡಿಸಿದೆ. ಗುಳಿಗೆಯನ್ನೂ ನಾನೇ ಕೈಯಾರೆ ಕೊಟ್ಟೆ.

ಅಂಕೋಲೆ ಮೀನುಪೇಟೆಯಲ್ಲಿ ಅತ್ತೆ ಮೂವತ್ತು ವರ್ಷ ಕೂತ ಜಾಗ ಒಂದಿದೆ, ಬಾಗಿಲ ಬದಿಗೇ, ಗಿರಾಕಿ ಮೊದಲು ನಿಲ್ಲುವಲ್ಲಿ. ಈಗ ವಾರಕ್ಕೆರಡು ದಿನ ಕುಂಟುತ್ತ ಹೋದರೆ ಹೆಚ್ಚು. ದೀಪಾವಳಿಯೊಳಗೆ ದಿನಾ ಬರದಿದ್ದರೆ ಜಾಗ ಹಿಂದಿನ ಸಾಲಲ್ಲಿ ಮೀನು ಮಾರುವ ಗಂಗಿಗೆ ಅಂತ ಅಲ್ಲಿಯ ಹೆಂಗಸರು ಹೇಳಿಬಿಟ್ಟಿದ್ದರು.

ಇಷ್ಟು ಪಥ್ಯ ಮಾಡಿಯೂ ಊತ ಇಳಿಯಲಿಲ್ಲ ಅಂದ್ರೆ ನಾನೆಂತ ತಿಳೀಬೇಕು? ಪೇಟೆಯಲ್ಲಿ ಕದ್ದು ತಿಂತಾಳೆ, ಅಷ್ಟೇ. ಬಂದ ಕೂಡಲೇ ಕೈ ಮೂಸಿ ನೋಡ್ತಿದ್ದೆ. ಮೀನು ಮಾರಿದ ಕೈ ಮೀನು ನಾರದೆ ಮಲ್ಲಿಗೆ ನಾರ್ತದಾ? ಅಷ್ಟು ಬುದ್ಧಿಯೂ ನನಗಿರಲಿಲ್ಲ. ಈ ವಯಸ್ಸಲ್ಲೂ ಬಾಯಿ ಚಪಲ ಹೋಗಲಿಲ್ಲ, ಕಳ್ಳಿ ಅಂತ ಕೇರಿಗೆಲ್ಲ ಕೇಳುವ ಹಾಗೆ ಬೈದೆ. ದೇವರಾಣೆ ಒಂದು ಹೋಳೂ ಮುಟ್ಟಿಲ್ಲ ಅಂತ ಅವಳು ಅಳ್ತಿದ್ದಳು. ನನ್ನ ಗಂಡ ಶಾಂತಾರಾಮ ನಡುವೆ ಬಾಯಿ ಹಾಕಿದರೆ ಅವನಿಗೂ ಬೈಗುಳ.

ದೀಪಾವಳಿಗೆ ವಾರ ಇರುವಾಗ ಅವಳನ್ನು ಎಳಕೊಂಡೇ ಹೋಗಿ ಡಾಕ್ಟರ ಮುಂದೆ ಕೂರಿಸಿದೆ. ಇವಳು ಕದ್ದು ತಿಂತಾಳೆ, ನೀವೇ ಕೇಳಿ ಎಂದೆ. ಡಾಕ್ಟರು ಅವಳನ್ನು ಕೇಳಲಿಲ್ಲ. ಅನ್ನಕ್ಕೆ ಎಂತ ಬಡಿಸ್ತೀರಿ ಅಂತ ನನ್ನನ್ನೇ ಕೇಳಿದರು.

ಸಾರು ಎಂದೆ. ಎಲ್ಲರಿಗೂ ಮಾಡಿದ ಬಂಗಡೆ ಸಾರೇ, ಒಂದು ಚೂರೂ ಬೀಳದ ಹಾಗೆ ಸೋಸಿ ಹಾಕ್ತೇನೆ. ಮೀನಿಲ್ಲದೆ ಪಾಪ ಅನ್ನ ಇಳಿಯೋದಿಲ್ಲ ಅಂತ ಎರಡು ಸೌಟು ಜಾಸ್ತಿಯೇ. ನಮ್ಮಲ್ಲಿ ಹೋಳು ತಿಂದರೆ ಮೀನು ತಿಂದ ಹಾಗೆ, ಸಾರನ್ನು ಯಾರು ಮೀನು ಅಂತಾರೆ?

"ಆ ಆಸಿಡ್ ಹೆಚ್ಚಿಸುವ ಅಂಶ ಬೇಯುವಾಗ ಸಾರಿಗೇ ಇಳೀತದಮ್ಮ," ಎಂದರು ಡಾಕ್ಟರು. "ಅವರು ಕದ್ದು ತಿನ್ನಲಿಲ್ಲ. ದಿನಾ ಬಡಿಸಿದ್ದು ನೀವೇ."

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಮ್ಮೂರು ಅಮದಳ್ಳಿಯಲ್ಲಿ ಅತ್ತೆ ಬಸ್ಸಿಳಿಯುವಾಗ ಕೈ ಕೊಟ್ಟೆ, ಹಿಡಿಯಲಿಲ್ಲ. ಕಂಬಿ ಹಿಡಿದು ಕುಂಟುತ್ತಲೇ ಇಳಿದಳು.

"ಜಾಗ ಗಂಗಿಗೆ ಹೋದರೆ ಹೋಗಲಿ, ಸುಮಲತಾ," ಎಂದಳು. "ಕೇರಿಗೆಲ್ಲ ನನ್ನನ್ನು ಕಳ್ಳಿ ಮಾಡಿದ್ಯಲ್ಲೇ. ಅವರಿಗೆ ಈಗ ಹೇಳೋದ್ಯಾರು?"

ನಾನು ಮನೆಗೆ ಹೋಗಲಿಲ್ಲ. ಕೇರಿಯ ಮೊದಲ ಮನೆಯ ಬಾಗಿಲು ತಟ್ಟಿದೆ.