ಸ್ವಲ್ಪ ನೋವು

ದೆಹಲಿಯ ಹೌಜ್ ಖಾಸ್‌ನ ಜಪಾನಿ ತರಗತಿಯಲ್ಲಿ ಹರಿಣಿಗೆ ಒಂದು ಮಾತು ಮಾತ್ರ ಒಗ್ಗಲಿಲ್ಲ. ‘ತಮಾರನಾಯ್’, ಅಂದರೆ ತಾಳಲಾರದಷ್ಟು. ನೋವಿಗೆ ಅದನ್ನು ಜೋಡಿಸಿದರೆ ‘ಇತಾಕುತೆ ತಮಾರನಾಯ್’, ತಾಳಲಾರದಷ್ಟು ನೋವು. ಅರ್ಥ ಗೊತ್ತು, ಬರೆಯಲೂ ಬರುತ್ತದೆ. ಬಾಯಿ ತೆರೆದರೆ ಮಾತ್ರ ‘ಚೊತ್ತೊ’, ಸ್ವಲ್ಪ, ಎಂದುಬಿಡುತ್ತಿದ್ದಳು.

“ರೀ ಹರಿಣಿ, ನಿಮ್ಮನೇಲಿ ಕಾಲು ಮುರಿದ್ರೂ ಸ್ವಲ್ಪಾನೇನಾ?” ಎಂದು ಮೇಷ್ಟ್ರು ಕಾರ್ತಿಕೇಯ ಕೆಣಕುತ್ತಿದ್ದರು.

“ಹೂಂ ಸರ್. ನಮ್ಮಜ್ಜಿ ಸೊಂಟ ಮುರ್ಕೊಂಡು ಮಲಗಿದ್ದಾಗ್ಲೂ ‘ಏನೋ ಸ್ವಲ್ಪ’ ಅಂತಿದ್ರು.”

ಆ ಮನೆಯ ರೂಢಿಯೇ ಹಾಗೆ. ದೇವರು ಕೊಟ್ಟದ್ದನ್ನು ದೊಡ್ಡದು ಮಾಡಿ ಹೇಳಬಾರದು, ಸುಖವಾದರೂ ಸರಿ, ನೋವಾದರೂ ಸರಿ.

ಇಂದು ಜಪಾನಿನ ವೃದ್ಧಾಶ್ರಮವೊಂದಕ್ಕೆ ಶುಶ್ರೂಷಕಿಯ ಆಯ್ಕೆ. ಇರುವುದು ಒಂದೇ ಜಾಗ. ಹರಿಣಿಯ ಆಸ್ಪತ್ರೆಯ ಗುತ್ತಿಗೆ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ಇದೂ ತಪ್ಪಿದರೆ ಕೈ ಖಾಲಿ.

ವಿಡಿಯೋ ಕರೆಯ ಪರದೆಯ ಮೇಲೆ ಆ ಆಶ್ರಮದ ಮೊರಿತಾ ಎಂಬ ನರೆಗೂದಲ ಹೆಂಗಸು. “ನಾನೀಗ ನಿಮ್ಮ ಆರೈಕೆಯಲ್ಲಿರುವ ಮುದುಕಿ,” ಎಂದು ಜಪಾನಿಯಲ್ಲಿ ಹೇಳಿ ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಪರದೆಗೆ ಕಾಣದಂತೆ ಬದಿಗೆ ನಿಂತ ಕಾರ್ತಿಕೇಯ ‘ಮಾತಾಡಿ’ ಎಂದು ಕೈಸನ್ನೆ ಮಾಡಿದರು.

“ಹೇಗಿದ್ದೀರಿ ಅಜ್ಜಿ?”

“ಸೊಂಟ ನೋವು. ಚೊತ್ತೊ.”

ಹಾಗಾದರೆ ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಕಲಿತ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಮುಗಿಯಿತು, ತಪ್ಪೇನಿಲ್ಲ. ಆದರೆ ಮೊರಿತಾ ಅವರ ಬೆರಳುಗಳು ಮಡಿಲಿನ ಕರವಸ್ತ್ರವನ್ನು ಹಿಂಡುತ್ತಿದ್ದವು. ಅವಳ ಅಜ್ಜಿಯೂ ಸೆರಗಿನ ಚುಂಗನ್ನು ಹೀಗೇ ಹಿಂಡುತ್ತಿದ್ದರು. ಮನೆಯವರೆಲ್ಲ ಅವರ ಬಾಯಿಮಾತನ್ನೇ ನಂಬಿ, ಕಾಫಿ ಕೊಟ್ಟು ಹೋಗುತ್ತಿದ್ದರು.

ಹರಿಣಿ ಕಲಿತ ಉತ್ತರವನ್ನು ನುಂಗಿಕೊಂಡು ಆ ಬೆರಳುಗಳನ್ನೇ ನೋಡಿದಳು. ಹೊತ್ತು ಸರಿಯುತ್ತಿತ್ತು. ಕಾರ್ತಿಕೇಯ ಹಣೆ ಚಚ್ಚಿಕೊಂಡರು.

ಶಿವನನ್ನು ನೆನೆದು, ಪರದೆಯತ್ತ ಬಾಗಿ, ಮೆಲ್ಲಗೆ ಕೇಳಿದಳು: “ಇತಾಕುತೆ ತಮಾರನಾಯ್ ದೆಸು ಕಾ?” ತಾಳಲಾಗುತ್ತಿಲ್ಲವೇ ಅಜ್ಜಿ?

ಮೊರಿತಾ ಕಣ್ಣು ತೆರೆಯಲಿಲ್ಲ. ಇನ್ನೊಬ್ಬರ ನೋವನ್ನು ತಾನೇ ಅಳೆದು ಹೇಳಿದ್ದು ಜಪಾನಿನವರಲ್ಲಿ ಅಪಚಾರವೇನೋ ಎಂದು ಹರಿಣಿಗೆ ಅನ್ನಿಸಿತು. ಆದರೂ ನಿಲ್ಲಲಿಲ್ಲ.

“ಡಾಕ್ಟರನ್ನು ಕರೆಸುತ್ತೇನೆ. ಅವರು ಬರುವವರೆಗೆ ಇಲ್ಲೇ ಕೂತಿರುತ್ತೇನೆ.”

ಕರವಸ್ತ್ರ ಹಿಡಿದಿದ್ದ ಕೈ ಸಡಿಲಿತು.

“ನಮ್ಮ ಆಶ್ರಮದ ಮುದುಕಿಯರೆಲ್ಲ ಸ್ವಲ್ಪ ಅಂತಲೇ ಹೇಳುವುದು,” ಎಂದು ಮೊರಿತಾ ನೆಟ್ಟಗೆ ಕೂತರು. “ಬೆಳಿಗ್ಗೆಯಿಂದ ಬಂದವರೆಲ್ಲ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಏಪ್ರಿಲ್‌ನಲ್ಲಿ ಬರಲಾದೀತೇ?”

ಹರಿಣಿ ತಿರುಗಿ ಮೇಷ್ಟ್ರ ಮುಖ ನೋಡಿದಳು.

“ಅರೆ, ಹೂಂ ಅನ್ನಿ ರೀ!” ಎಂದು ಬದಿಯಿಂದ ಕಾರ್ತಿಕೇಯ ಪಿಸುಗುಟ್ಟಿದರು.

ಅವಳು ಎದ್ದು ನಿಂತು ಎರಡೂ ಕೈ ಜೋಡಿಸಿದಳು. ಜಪಾನಿನವರಂತೆ ಬಾಗಬೇಕಿತ್ತೆಂದು ನೆನಪಾದದ್ದು ಆಮೇಲೆ.