ಟವೆಲ್ಲಿನಡಿಯ ಟಗರು

ವಾಣಿಶ್ರೀ ಮೊಬೈಲ್ ಆಪ್‌ನ ಪರದೆಯ ಚಿತ್ರವನ್ನೂ ತಾನೇ ಬಿಡಿಸುತ್ತಿದ್ದಳು, ಕಂಪ್ಯೂಟರ್ ಕೋಡನ್ನೂ ತಾನೇ ಬರೆಯುತ್ತಿದ್ದಳು. ಹಿಂದೂಪುರದ ಅವಳ ಒಂದೇ ಕೋಣೆಯ ಆಫೀಸಿನಲ್ಲಿ ಜಗಳವಾಡಲಿಕ್ಕೂ ಎರಡನೆಯವರಿರಲಿಲ್ಲ. ಬಳಸುವವರ ಮನಸ್ಸು ಅರಿತು ಆಪ್ ಕಟ್ಟಬೇಕು ಎನ್ನುವುದು ಅವಳ ಹಠ. ಆ ಹಠಕ್ಕೆ ಸಿಕ್ಕ ಮೊದಲ ಕೆಲಸ, ಕಲ್ಯಾಣದುರ್ಗದ ಕುರಿಸಂತೆಗೊಂದು ಆಪ್. ಇದು ಕೈತಪ್ಪಿದರೆ ಕೋಣೆಗೆ ಬೀಗ ಹಾಕಿ ಮತ್ತೆ ಯಾರದೋ ಕೈಕೆಳಗೆ ದುಡಿಯಬೇಕು. ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಮೊದಲ ವಾರ ತೋರಿಸಿದ ಆಪನ್ನು ನೋಡಲು ಎರಡು ಕಣ್ಣು ಸಾಲದು. ಹಸಿರು ಗುಂಡಿ, ಕುರಿಯ ಫೋಟೋ, ದಪ್ಪಕ್ಷರದಲ್ಲಿ ಬೆಲೆ. ಕುಂದುರ್ಪಿಯ ಹಳೇ ವ್ಯಾಪಾರಿ ಓಬುಳಪತಿ ಫೋನು ಕೈಗೆ ತೆಗೆದುಕೊಂಡವನೇ ಹೆಗಲ ಟವೆಲ್ ಎಳೆದು ಅದರ ಮೇಲೆ ಮುಚ್ಚಿದ.

“ಬಣ್ಣ ಬಾಗುಂದಿ, ಚೆಂದೈತೆ ಕಣಮ್ಮ. ಆದ್ರೆ ಯಾಕ್ ಕಾಣ್ತೈತೆ?”

ಆ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನಡಿ ಕೈಹಿಡಿದು, ಬೆರಳು ಒತ್ತಿ ಕುದುರಿಸುತ್ತಾರೆ. ಅಲ್ಲಿ ಆದದ್ದನ್ನು ಆಮೇಲೆ ಹೆಂಡತಿಗೂ ಹೇಳುವುದಿಲ್ಲ.

ವಾಣಿಶ್ರೀ ವಾರವಿಡೀ ಕೂತು ಅಳಿಸಿದಳು. ಗುಂಡಿ ಹೋಯಿತು, ಫೋಟೋ ಹೋಯಿತು, ಅಂಕಿಯೂ ಹೋಯಿತು. ಉಳಿದದ್ದು ಕಪ್ಪು ಪರದೆ. ಇಲ್ಲಿ ಎಷ್ಟು ಸಲ ಒತ್ತಿದರೆ ಎದುರಿನವನ ಫೋನು ಅಷ್ಟು ಸಲ ನಡುಗಬೇಕು. ಅಂಗೈಯಿಂದ ತಟ್ಟಿದರೆ ವ್ಯಾಪಾರ ಮುಗಿಯಬೇಕು. ಇಷ್ಟು ಚೆಂದದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ತೋರಿಸಲು ಮಾತ್ರ ಏನೂ ಇರಲಿಲ್ಲ.

“ಮಧ್ಯಾಹ್ನ ಹನ್ನೆರಡ್ರೊಳಗೆ ಒಂದ್ ಟಗರಾದ್ರೂ ಇದ್ರಾಗೆ ಯಾಪಾರ ಆಗ್ಬೇಕು. ಇಲ್ದಿದ್ರೆ ಬೇರೆ ಕಂಪ್ನಿಗೆ ಕೊಟ್ಬುಡ್ತೀವಿ,” ಎಂದರು ಮುಂದಿನ ಸಂತೆಯ ಬೆಳಿಗ್ಗೆ ವ್ಯಾಪಾರಿಗಳ ಸಂಘದ ಅಧ್ಯಕ್ಷ ಮಲ್ಲಿಕಾರ್ಜುನಪ್ಪ.

ಹನ್ನೊಂದೂವರೆಯಾದರೂ ಒಬ್ಬನೂ ಬರಲಿಲ್ಲ. ಕೊನೆಗೆ ಓಬುಳಪತಿಯೇ ಅಯ್ಯೋ ಪಾಪ ಎಂದು ತನ್ನ ಟಗರನ್ನು ಆಪ್‌ನಲ್ಲಿ ಮಾರಾಟಕ್ಕಿಟ್ಟ. ಕೊಳ್ಳುವವರು ಬಾರದೆ ಬೇಸರವಾಗಿ, ತಾನೂ ಒಂದು ಕೊಳ್ಳೋಣವೆಂದು ಅದೇ ಫೋನಿಗೆ ಟವೆಲ್ ಹೊದಿಸಿ ಒತ್ತತೊಡಗಿದ. ಆಪ್‌ನಲ್ಲಿದ್ದದ್ದು ಒಂದೇ ಟಗರು. ಮೂರು ಒತ್ತಿದರೆ ಫೋನು ಮೂರು ಸಲ ನಡುಗಿತು. ನಾಲ್ಕು ಒತ್ತಿದರೆ ನಾಲ್ಕು.

“ಯಾವನೋ ಬಲು ಘಾಟಿ ಕಣಮ್ಮ! ನಾ ಏರ್ಸಿದಂಗೆಲ್ಲ ಅವ್ನೂ ಏರಿಸ್ತಾನೆ.”

ಬೆವರಿದ, ಬೈದ, ಅಂಗಲಾಚಿದ. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಪಟ್ಟೆಂದು ತಟ್ಟಿದ.

ವಾಣಿಶ್ರೀ ಲ್ಯಾಪ್‌ಟಾಪ್ ನೋಡಿದಳು. ಮಾರಿದವನು ಓಬುಳಪತಿ, ಕೊಂಡವನೂ ಓಬುಳಪತಿ. ಇಬ್ಬರೂ ಬೇರೆ ಬೇರೆಯವರೇ ಎಂದು ಪರೀಕ್ಷಿಸುವ ಸಾಲನ್ನೇ ಅವಳು ಬರೆದಿರಲಿಲ್ಲ. ಇದನ್ನು ಹೇಳಿದರೆ ಕೆಲಸ ಕೈತಪ್ಪುತ್ತಿತ್ತು. ಆದರೂ ಸುಳ್ಳಿನಿಂದ ಸಿಗುವ ಕೆಲಸ ಬೇಡವೆನಿಸಿ ಅಧ್ಯಕ್ಷರ ಬಳಿ ಹೋದಳು.

“ಸಾರ್, ಆ ಟಗರು ಕೊಂಡೋರು…”

“ಶ್!” ಮಲ್ಲಿಕಾರ್ಜುನಪ್ಪ ಗದರಿದರು. “ಟವೆಲ್ ಕೆಳಗಿನ ಮಾತು ಆಡಬಾರ್ದು ಕಣಮ್ಮ. ನೀನೇ ಬಾಯಿ ಬಿಟ್ರೆ ನಿನ್ನ ಆಪ್‌ನ ಯಾರು ನಂಬ್ತಾರೆ?”

ಎಂದು ಆಪ್‌ನ ಕರಾರು ಕಾಗದಕ್ಕೆ ಸಹಿ ಹಾಕಿಕೊಟ್ಟರು.

ಓಬುಳಪತಿ ತನ್ನ ಟಗರಿನ ತಲೆ ಸವರಿ, ಕಣ್ಣೊರೆಸಿಕೊಂಡು, ಹಗ್ಗವನ್ನು ವಾಣಿಶ್ರೀಗೆ ಒಪ್ಪಿಸಿದ. ಆಮೇಲೆ ತಾನು ಕೊಂಡ ಟಗರನ್ನು ಕೇಳಿದ. ಅವಳು ಅದೇ ಹಗ್ಗವನ್ನು ಅವನ ಕೈಗಿಟ್ಟಳು.

ಅವನು ಟಗರನ್ನು ಸುತ್ತಿ ಬಂದು ಹಲ್ಲು ಎಣಿಸಿದ. “ನಂದಕ್ಕಿಂತ ಒಂದ್ ಗೇಣು ಎತ್ತರ ಐತೆ! ಬಾರ್ಲಾ, ಮನೆ ತೋರಿಸ್ತೀನಿ.”

ಟಗರು ಅವನನ್ನು ಎಳೆದುಕೊಂಡು ನೇರ ಕುಂದುರ್ಪಿ ಬಸ್ಸಿನತ್ತ ನಡೆಯಿತು.