ಎರಡು ಕಿವಿಯ ನಟ್ಟು

ಗಿರಾಕಿಯ ಕಿವಿಯನ್ನು ಮೆಲ್ಲಗೆ ಮಡಿಸಿ ಹಿಡಿದುಕೊಂಡೇ ಕತ್ತರಿ ಇನ್ನೊಂದು ಜೋಡಿ ಕಿವಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದ.

ಕ್ಷೌರದಂಗಡಿಯ ಈತನಿಗೆ ಕತ್ತರಿ ಎಂದು ಹೆಸರಿಟ್ಟದ್ದು ಪಕ್ಕದಂಗಡಿಯ ಗಡಿಯಾರ ರಿಪೇರಿಯ ಗೆಳೆಯ. ಏಟಿಗೆ ಎದುರೇಟು ಅನ್ನುವಂತೆ ಅವನಿಗೆ ಮುಳ್ಳು ಎಂಬ ಹೆಸರು ಬಿತ್ತು. ಮನೆಯವರು ಬಾಯಿಗೆ ಬಂದಂತೆ ಬೈದರೂ ಕೇಳದೆ ಇಬ್ಬರೂ ಸೇರಿ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಉದ್ದ ಮೂತಿ, ಎರಡೇ ಸೀಟು. ತಂದಾಗ ಅದರ ಸೀಟಿನೊಳಗೆ ಇಲಿಯೊಂದು ಬಾಣಂತನ ಮುಗಿಸಿತ್ತು. ಅಂಗಡಿಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ, ರಜೆ ಬಂದಾಗಲೆಲ್ಲ, ಇಬ್ಬರೂ ಅದರಡಿ ಅಂಗಾತ ಮಲಗಿ ವರ್ಷಗಳನ್ನೇ ಕಳೆದರು.

ಈಗಲೂ ಶೆಡ್ಡಿನ ಬಾಗಿಲು ತೆಗೆದರೆ ಚರ್ಮ, ಪೆಟ್ರೋಲು, ಬಣ್ಣದ ವಾಸನೆ ಒಟ್ಟಿಗೆ ಬಂದು ಕತ್ತರಿಯ ಎದೆ ಹಿಂಡುತ್ತಿತ್ತು. ಜೋಡಿ ಕಾರ್ಬುರೇಟರುಗಳು ಒಂದೇ ಸಮ ಉಸಿರಾಡುತ್ತಿವೆಯೇ ಎಂದು ಮುಳ್ಳು ರಬ್ಬರ್ ಕೊಳವೆಯನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದ. "ಎಡಗಡೇದಕ್ಕೆ ಸ್ವಲ್ಪ ಕೆಮ್ಮು ಕಣೋ" ಅನ್ನುತ್ತಿದ್ದ. ನೆಲದ ಮೇಲಿನ ಎಣ್ಣೆಯ ಮಡು ತೋರಿಸಿ ಕತ್ತರಿ ಗೊಣಗಿದರೆ, "ಸೋರ್ತಿದೆ ಅಂದ್ರೆ ಒಳಗೆ ಎಣ್ಣೆ ಇದೆ ಅಂತ. ನಿಂತ್ರೆ ಹೆದರ್ಕೋ" ಎಂದು ನಗುತ್ತಿದ್ದ.

ಕಾರು ಎದ್ದು ನಿಲ್ಲುವ ಹೊತ್ತಿಗೆ ಮುಳ್ಳು ಮಲಗಿಬಿಟ್ಟ. ಎದೆನೋವು ಅಂದವನು ಆಸ್ಪತ್ರೆಯ ಬಾಗಿಲು ಕಾಣಲಿಲ್ಲ. ಅವನ ಅಂಗಡಿಯಲ್ಲಿ ಈಗ ಅವನ ಹೆಂಡತಿ ಕೂರುತ್ತಾಳೆ. ಗಡಿಯಾರಗಳಿಗೆ ಸೆಲ್ಲು, ಪಟ್ಟಿ ಹಾಕಿಕೊಡುತ್ತಾಳೆ. ಕತ್ತರಿಗಿಂತ ಎಷ್ಟೋ ಚಿಕ್ಕವಳು, ಆದರೂ ಅವನ ಬಾಯಲ್ಲಿ ಅತ್ತಿಗೆಯೇ. ಕಾರಿನಲ್ಲಿ ಅರ್ಧ ಪಾಲು ಅವಳದು.

ಆ ಕಾರಿನ ತಂತಿಕಡ್ಡಿಯ ಚಕ್ರಗಳನ್ನು ಹಿಡಿದಿಡುವುದು ನಟ್ಟನಡುವೆ ಒಂದೇ ಒಂದು ದೊಡ್ಡ ನಟ್ಟು. ಅದಕ್ಕೆ ಎರಡು ಕಿವಿ. ಬಿಗಿ ಮಾಡಲೂ ಬಿಚ್ಚಲೂ ಆ ಕಿವಿಗೆ ತಾಮ್ರದ ಸುತ್ತಿಗೆಯಿಂದ ಬಾರಿಸಬೇಕು. ಕತ್ತರಿ ಎಷ್ಟು ಬಾರಿಸಿದರೂ, ಮಾರುಕಟ್ಟೆಯ ತನಕ ಹೋಗಿ ಬರುವಷ್ಟರಲ್ಲಿ ಹಿಂದಿನ ಎರಡು ನಟ್ಟುಗಳು ಸಡಿಲವಾಗುತ್ತಿದ್ದವು. ಮುಂದಿನವು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

"ಗಾಲಿ ನಿಲ್ಲದ ಕಾರು ಯಾಕೆ?" ಎಂದಿದ್ದಳು ಅತ್ತಿಗೆ. "ನಿಮಗೇನಾದ್ರೂ ಆದ್ರೆ ನಿಮ್ಮನೇಲಿ ಅಕ್ಕನಿಗೆ ಮುಖ ತೋರಿಸೋರ್ಯಾರು? ಕೊಳ್ಳೋರು ಭಾನುವಾರ ಬರ್ತೀನಿ ಅಂದಿದ್ದಾರೆ. ಅಷ್ಟರಲ್ಲಿ ಕಾರಣ ಗೊತ್ತಾದ್ರೆ ಇಟ್ಕೊಳ್ಳೋಣ. ಇಲ್ಲದಿದ್ರೆ ಕೊಟ್ಬಿಡೋಣ."

ಕತ್ತರಿ ನಟ್ಟಿಗೂ ಚಕ್ರಕ್ಕೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದು ನೋಡಿದ. ಬೀದಿ ಸುತ್ತಿ ಬಂದರೆ ಗೆರೆ ಒಡೆದಿರುತ್ತಿತ್ತು. ವಿಚಿತ್ರವೆಂದರೆ, ಚಕ್ರ ಮುಂದಕ್ಕೆ ಉರುಳಿದರೂ ನಟ್ಟು ಚೂರು ಹಿಂದಕ್ಕೇ ಸರಿದಿರುತ್ತಿತ್ತು. ಮುಂದೆ ಓಡುವ ಚಕ್ರದ ಮೇಲೆ ಕೂತು ಹಿಂದಕ್ಕೆ ಹೋಗುವುದು ಹೇಗೆ?

"ದೆವ್ವ ಇರ್ಬೇಕು, ನಿಂಬೆಹಣ್ಣು ಕಟ್ಟು" ಎಂದ ಕುರ್ಚಿಯಲ್ಲಿದ್ದ ಗಿರಾಕಿ, ಒಂದು ಬಸ್ಸಿನ ಕಂಡಕ್ಟರು.

"ನಿನ್ನ ತಲೇಲಿ ಕೂದ್ಲೂ ಇಲ್ಲ, ಒಳಗಿಂದೂ ಇಲ್ಲ. ಅಲ್ಲಾಡ್ಬೇಡ."

ಅವನನ್ನು ಕಳಿಸಿದ ಮೇಲೆ ಕತ್ತರಿ ಬೀಗದ ಕೈಗಳ ಬಳೆಯನ್ನು ಖಾಲಿ ಮಾಡಿ, ಗಡ್ಡದ ಬ್ರಷ್ಷಿನ ದುಂಡು ಹಿಡಿಗೆ ತೂಗುಹಾಕಿದ. ಬಳೆಗೊಂದು, ಹಿಡಿಗೊಂದು ಸೋಪಿನ ನೊರೆಯ ಬೊಟ್ಟಿಟ್ಟು ಹಿಡಿಯನ್ನು ಬೆರಳಲ್ಲಿ ಮೆಲ್ಲಗೆ ಹೊರಳಿಸಿದ. ಬಳೆಯೂ ಜೊತೆಗೇ ತಿರುಗಿತು. ಆದರೆ ಹಿಡಿ ಒಂದು ಸುತ್ತು ಮುಗಿಸಿದಾಗ ಬಳೆಯ ಬೊಟ್ಟು ಇನ್ನೂ ದಾರಿಯಲ್ಲಿತ್ತು. ದೊಡ್ಡದು ಹಿಂದೆ ಬೀಳುತ್ತದೆ! ನಟ್ಟಿನ ಬಾಯಿಯೂ ಅದು ಕೂರುವ ಚಕ್ರದ ಕುತ್ತಿಗೆಗಿಂತ ಕೂದಲೆಳೆಯಷ್ಟು ದೊಡ್ಡದು. ಹಾಗಾಗಿ ಅದು ಸದಾ ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಬಿಗಿಯಾಗುವಂತೆ ಕಾರು ಮಾಡಿದವರು ಎಡಗಡೆಗೆ ಒಂದು ದಿಕ್ಕಿನ, ಬಲಗಡೆಗೆ ಅದರ ಎದುರು ದಿಕ್ಕಿನ ತಿರುಪು ಕೊಟ್ಟಿದ್ದರು.

ಕತ್ತರಿಯ ಖುಷಿ ಬಾಯಿಯ ತನಕ ಬಂದು ಅಲ್ಲೇ ನಿಂತಿತು. ನಟ್ಟು ತಿರುಪಿಕೊಳ್ಳುವ ಹಿಂದಿನ ಚಕ್ರದ ಹಬ್‌ಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲು ಮಾಡಿದ್ದು ಮುಳ್ಳು. ಕತ್ತರಿಯೇ ದೀಪ ಹಿಡಿದಿದ್ದ. "ನೋಡೋ, ಗಾಲಿ ಮುಂದಕ್ಕೆ ಹೋದ್ರೆ ನಟ್ಟು ಬಿಚ್ಕೊಳ್ಳೋ ದಿಕ್ಕು. ಯಾವನೋ ಪೆದ್ದ ತಿರುಗಾಮುರುಗಾ ಜೋಡಿಸಿದ್ದಾನೆ" ಎಂದು ಗಂಟೆಗಟ್ಟಲೆ ಯೋಚಿಸಿ ಬದಲಿಸಿದ್ದ. ಮುಂದಿನವನ್ನೂ ಬದಲಿಸಬೇಕೆಂದಿದ್ದ, ಆಯಸ್ಸು ಬಿಡಲಿಲ್ಲ. ಅವನ ಕೈಯ ಕೊನೆಯ ಕೆಲಸ ಅದು.

ಹೇಳದೆ ಬದಲಿಸಿದರಾಯಿತು ಅನ್ನಿಸಿತು. ಯಾರಿಗೂ ಗೊತ್ತಾಗದು. ಆದರೆ ಕಾರಣ ಗೊತ್ತಾದರೆ ಇಟ್ಟುಕೊಳ್ಳೋಣ ಅಂದವಳು ಕಾರಣ ಕೇಳದೆ ಬಿಡುವಳೇ?

ಶನಿವಾರ ಮಧ್ಯಾಹ್ನ ಅವಳೇ ಶೆಡ್ಡಿಗೆ ಬಂದಳು. "ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ? ಗೊತ್ತಾಯ್ತು ತಾನೆ?"

"ಗೊತ್ತಾಯ್ತು ಅತ್ತಿಗೆ. ಅದೂ... ಹಳೇ ಕಾರು ಅಂದ್ಮೇಲೆ..."

"ಸುತ್ತಿ ಬಳಸಬೇಡಿ."

ಹೇಳಿದ. ಬ್ರಷ್ಷು, ಬಳೆ ತಂದು ತೋರಿಸಿದ. ಅವಳು ಬ್ರಷ್ಷನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಹೊರಳಿಸಿದಳು. ಮುಂದಕ್ಕೆ. ಹಿಂದಕ್ಕೆ. ಮತ್ತೆ ಮುಂದಕ್ಕೆ. ಅಂಗಡಿಯಲ್ಲಿ ಗಡಿಯಾರ ಬಿಚ್ಚುವಾಗ ಬರುವ ಗೆರೆ ಅವಳ ಹುಬ್ಬುಗಳ ನಡುವೆ ಬಂದಿತ್ತು.

"ಹಾಗಾದ್ರೆ ಇವರು ಮಾಡಿದ್ದು ತಪ್ಪು."

"ತಪ್ಪು ಅಂತಲ್ಲ. ಯಾರಿಗಾದ್ರೂ ಹಾಗೇ ಅನ್ಸುತ್ತೆ—"

"ತಪ್ಪೇ." ಅವಳ ತುಟಿಯ ಅಂಚು ಸ್ವಲ್ಪ ಅದುರಿತು. ಅಳುತ್ತಾಳೆ ಅಂದುಕೊಂಡ ಕತ್ತರಿ. ಅಳಲಿಲ್ಲ, ನಕ್ಕಳು. "ಮನೇಲಿ ಒಂದು ಸಲಾನೂ ಸೋತವರಲ್ಲ. ಹಾಲು ಉಕ್ಕಿದ್ರೂ ಪಾತ್ರೆದೇ ತಪ್ಪು ಅನ್ನೋರು. ಹೆಚ್ಚು ಜಾಣರು ಮೂರು ಕಡೆ ಹೊಲಸು ಮೆತ್ತಿಕೊಳ್ತಾರೆ ಅನ್ನೋದು ಸುಳ್ಳಲ್ಲ."

ಕತ್ತರಿಗೂ ನಗು ಬಂತು. ಕೂಡಲೇ ಕಣ್ಣು ತುಂಬಿದ್ದರಿಂದ ಜಾಕಿ ಹುಡುಕುವ ನೆವದಲ್ಲಿ ಬಗ್ಗಿದ.

"ಭಾನುವಾರದವರಿಗೆ ಬರ್ಬೇಡಿ ಅನ್ನಿ. ಸುತ್ತಿಗೆ ಎಲ್ಲಿ?"

"ನಾನು ಬಿಚ್ತೀನಿ ಬಿಡಿ."

"ಅವರ ತಪ್ಪು ತಾನೆ? ನಾನೇ ಬಿಚ್ತೀನಿ. ಯಾವ ಕಡೆ ಹೊಡೀಬೇಕು?"

ಅವನು ಕಿವಿಯನ್ನು ತೋರಿಸಿ, ಚಕ್ರಕ್ಕೆ ಮರದ ತುಂಡು ಒದೆಕೊಟ್ಟು ಪಕ್ಕಕ್ಕೆ ಸರಿದ. ಮೊದಲ ಏಟು ಹುಸಿಯಾಯಿತು. ಎರಡನೆಯದಕ್ಕೆ ನಟ್ಟು ಟಣ್ಣೆಂದು ಕದಲಿತು. ಅವಳು ಕೆದರಿದ ಕೂದಲನ್ನು ತೋಳಿನಿಂದ ಹಿಂದೆ ಸರಿಸಿ, ಟೀ ಆರಿಹೋಗ್ತಿದೆ ಎಂದು ಒಳಮನೆಯಲ್ಲಿರುವ ಗಂಡನಿಗೆ ಕೂಗಿ ಹೇಳುವ ದನಿಯಲ್ಲಿ, "ರೀ, ಇದು ಎಡಗಡೇದು" ಎಂದು ಇನ್ನೊಂದು ಏಟು ಕೊಟ್ಟಳು.